ಒಂದೇ ಬಳ್ಳಿಗೆ ಜಾಗವಿದ್ದರೆ ಕ್ಯಾಸ್ಕೇಡ್ ನೆಡಿ

ಬಿಯರಿಗೆ ಕಹಿ, ಪರಿಮಳ ಕೊಡುವ ಹೂ ಬಿಡುವ ಬಳ್ಳಿ ಹಾಪ್ಸ್. ಅದರ ಬೇರು ಮಾರುವವರ ಪಟ್ಟಿಯಲ್ಲಿ ಕೆಲವು ತಳಿಗಳಿಗೆ ‘ಎರಡಕ್ಕೂ ಸೈ’ ಎಂಬಂಥ ಬಿರುದು ಕೊಟ್ಟಿರುತ್ತಾರೆ. ಕಹಿಗೂ ಆದೀತು, ಪರಿಮಳಕ್ಕೂ ಆದೀತು ಎಂದು ಅರ್ಥ. ಮನೆಯಲ್ಲಿ ಬಿಯರ್ ಮಾಡುವವರು, ಅದರಲ್ಲೂ ಒಂದೇ ಬಳ್ಳಿಗೆ ಜಾಗವಿರುವವರು, ಈ ಬಿರುದಿಗೆ ಮರುಳಾಗುತ್ತಾರೆ. ನಾನೂ ಮರುಳಾಗಿ ಚಿನೂಕ್ ಎಂಬ ತಳಿ ನೆಟ್ಟೆ. ಕಹಿಗೆ ಮೂಲವಾದ ಆಲ್ಫಾ ಆಮ್ಲ ಅದರಲ್ಲಿ ಶೇ. 12ರಿಂದ 14. ಸ್ವಲ್ಪ ಹಾಕಿದರೂ ಬೇಕಾದಷ್ಟು ಕಹಿ ಬರುತ್ತದೆ, ಮಿಕ್ಕಿದ್ದು ಪರಿಮಳಕ್ಕೆ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ.

20 ಲೀಟರ್ ಬಿಯರಿಗೆ 20 ಗ್ರಾಂ ಒಣ ಹೂವನ್ನು ಒಂದು ಗಂಟೆ ಕುದಿಸಿದೆ. ಶೇ. 13 ಆಲ್ಫಾ ಎಂದು ಹಿಡಿದು, ಅದರ ಕಾಲು ಭಾಗ ಕಹಿಯಾಗಿ ಬಿಯರಿಗೆ ಇಳಿಯುತ್ತದೆ ಎಂದುಕೊಂಡರೆ ಸುಮಾರು 32 ಐಬಿಯು (ಬಿಯರಿನ ಕಹಿ ಅಳೆಯುವ ಮಾನ) ಬರಬೇಕಿತ್ತು. ನನ್ನ ನಾಲಿಗೆಗೆ 20ರ ಮೇಲೆ ಕಾಣಲಿಲ್ಲ. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದ, ಸಿಹಿಯೇ ಮುಂದಾಗಿ ಬಿಯರ್ ಸಪ್ಪೆಯಾಗಿತ್ತು. ಅವಸರಪಟ್ಟು ಬಲಿಯದ ಹೂ ಕೊಯ್ದಿದ್ದೆ. ಮರುವರ್ಷ ಪಾಠ ಕಲಿತವನ ಠೀವಿಯಲ್ಲಿ ಪ್ರಮಾಣವನ್ನು ಒಂದೂವರೆ ಪಟ್ಟು ಮಾಡಿದೆ. ಆ ವರ್ಷ ಹೂ ಚೆನ್ನಾಗಿ ಬಲಿತಿತ್ತು. ಕುಡಿದವರು ಅದಕ್ಕೆ ಕಷಾಯ ಎಂದು ಹೆಸರಿಟ್ಟರು.

ಪಟ್ಟಿಯಲ್ಲಿರುವ ಅಂಕಿ ತಳಿಯದು, ನಿಮ್ಮ ಬಳ್ಳಿಯದಲ್ಲ. ಮಣ್ಣು, ಬಿಸಿಲು, ಕೊಯ್ದ ವಾರ, ಒಣಗಿಸಿದ ಬಗೆ, ಇಟ್ಟ ಡಬ್ಬಿ ಇವೆಲ್ಲ ಆಲ್ಫಾವನ್ನು ಏರಿಸುತ್ತವೆ, ಇಳಿಸುತ್ತವೆ. ಮಾರಾಟಕ್ಕೆ ಬರುವ ಹಾಪ್ಸನ್ನು ಪರೀಕ್ಷಿಸಿ ಪೊಟ್ಟಣದ ಮೇಲೆ ಆಯಾ ಬೆಳೆಯ ಅಂಕಿಯನ್ನೇ ಮುದ್ರಿಸುತ್ತಾರೆ. ಹಾಗಾಗಿ ಈಗ ನಾನು ಕಹಿಯನ್ನು ಕೊಂಡು ತರುತ್ತೇನೆ, ಪರಿಮಳವನ್ನು ಮಾತ್ರ ಬೆಳೆಯುತ್ತೇನೆ. ಕುದಿಯ ಕೊನೆಯ ಹತ್ತು ನಿಮಿಷದಲ್ಲೋ, ಒಲೆ ಆರಿಸಿದ ಮೇಲೋ, ಹುದುಗಿದ ನಂತರವೋ ಹಾಕುವ ಹೂವಿಗೆ ಆಲ್ಫಾದ ನಿಖರ ಲೆಕ್ಕ ಬೇಕಿಲ್ಲ, ಮೂಗು ಸಾಕು.

ಹೀಗೆ ನೋಡಿದರೆ ಬಹೂಪಯೋಗಿ ತಳಿ ಎಂಬುದರ ಅರ್ಥವೇ ಬೇರೆಯಾಗುತ್ತದೆ. ಬಗೆಬಗೆಯ ಬಿಯರಿಗೆ ಒಗ್ಗುವ ಪರಿಮಳ ಇರಬೇಕು. ಕೈ ತಪ್ಪಿ ಹೆಚ್ಚು ಬಿದ್ದರೂ ಬಿಯರ್ ಕೆಡದಷ್ಟು ಆಲ್ಫಾ ಕಡಿಮೆ ಇರಬೇಕು. ಎಲ್ಲಕ್ಕಿಂತ ಮೊದಲು, ಬಳ್ಳಿ ಬದುಕಬೇಕು, ಧಾರಾಳವಾಗಿ ಹೂ ಬಿಡಬೇಕು. ನನ್ನ ಮತ ಕ್ಯಾಸ್ಕೇಡಿಗೆ. ಅಮೆರಿಕದ ಕೃಷಿ ಇಲಾಖೆಯ ತಳಿ ಅಭಿವೃದ್ಧಿ ಕಾರ್ಯಕ್ರಮದಲ್ಲಿ, ಆರೆಗಾನ್‌ನಲ್ಲಿ ಹುಟ್ಟಿ 1972ರಲ್ಲಿ ಬಿಡುಗಡೆಯಾದ ತಳಿ ಇದು. ಇಂಗ್ಲೆಂಡಿನ ಫಗಲ್ ತಳಿ ಇದರ ವಂಶದಲ್ಲಿದೆ. ಆಲ್ಫಾ ಸುಮಾರು ಶೇ. 4.5ರಿಂದ 7. ಚಕ್ಕೋತದ ಸಿಪ್ಪೆ ಮತ್ತು ಹೂವಿನ ವಾಸನೆ ಇದರ ಗುರುತು. 1975ರ ಆ್ಯಂಕರ್ ಲಿಬರ್ಟಿ ಏಲ್, 1980ರಲ್ಲಿ ಶುರುವಾದ ಸಿಯೆರಾ ನೆವಾಡಾ ಪೇಲ್ ಏಲ್ ಎಂಬ ಎರಡು ಅಮೆರಿಕನ್ ಬಿಯರುಗಳ ಹೆಸರೂ ಇದರಿಂದಲೇ ಬೆಳೆಯಿತು. ಪೇಲ್ ಏಲ್, ಐಪಿಎ, ಗೋಧಿ ಬಿಯರ್, ಕಪ್ಪು ಪೋರ್ಟರ್ ಯಾವುದಕ್ಕೆ ಹಾಕಿದರೂ ಮುಜುಗರವಾಗುವುದಿಲ್ಲ. ಪಿಲ್ಸ್‌ನರಿಗೆ ಮಾತ್ರ ನಾನು ಹಾಕುವುದಿಲ್ಲ.

ಸೆಂಟೆನಿಯಲ್ ಯಾಕಲ್ಲ ಎಂದು ಕೇಳುವವರಿದ್ದಾರೆ. 1990ರ ಆ ತಳಿಯನ್ನು ‘ಸೂಪರ್ ಕ್ಯಾಸ್ಕೇಡ್’ ಎಂದೇ ಕರೆಯುತ್ತಾರೆ. ಒಳ್ಳೆಯ ಹಾಪ್ಸ್, ಆದರೆ ಆಲ್ಫಾ ಹೆಚ್ಚುಕಡಿಮೆ ಎರಡು ಪಟ್ಟು, ಆದ್ದರಿಂದ ತಪ್ಪಿಗೆ ತೆರುವ ದಂಡವೂ ಎರಡು ಪಟ್ಟು. ಸಾಟ್ಸ್, ಹಾಲರ್‌ಟೌ ಮಿಟಲ್‌ಫ್ರೂ ತಳಿಗಳ ಕುಲೀನ ಪರಿಮಳಕ್ಕೆ ನಾನೂ ಸೋತವನೇ, ಆದರೆ ಇಳುವರಿಯಲ್ಲಿ ಅವು ಮಹಾ ಜಿಪುಣ. ಸಿಟ್ರಾ, ಮೊಸಾಯಿಕ್‌ಗಳ ಆಸೆ ಬೇಡ. ಅವುಗಳ ಹಕ್ಕು ಖಾಸಗಿಯವರ ಕೈಯಲ್ಲಿದೆ, ಮನೆಯಲ್ಲಿ ಬೆಳೆಯಲು ಬೇರು ಮಾರುವುದಿಲ್ಲ. ಇಂಗ್ಲಿಷ್ ಶೈಲಿಯ ಬಿಯರನ್ನಷ್ಟೇ ಕುಡಿಯುವವರು ವಿಲಾಮೆಟ್ ನೆಟ್ಟರೆ ನನ್ನದೇನೂ ತಕರಾರಿಲ್ಲ.

ನೆಡುವ ಮೊದಲು ಅಕ್ಷಾಂಶ ನೋಡಿಕೊಳ್ಳಿ. ಹಾಪ್ಸಿಗೆ 35ರಿಂದ 55 ಡಿಗ್ರಿ ಅಕ್ಷಾಂಶದ ನಡುವಿನ ಬೇಸಿಗೆಯ ಉದ್ದನೆಯ ಹಗಲು ಹಿಡಿಸುತ್ತದೆ. ಸಮಭಾಜಕದ ಹತ್ತಿರ ಹಗಲು ಗಿಡ್ಡ, ಬಳ್ಳಿ ಎತ್ತರಕ್ಕೆ ಏರುವ ಮೊದಲೇ ಹೂ ಬಿಟ್ಟು ಸುಮ್ಮನಾಗುತ್ತದೆ. ಹೆಣ್ಣು ಗಿಡದ ಬೇರೇ ಬೇಕು, ಬಿಯರಿಗೆ ಬೇಕಾದ ಹೂ ಬಿಡುವುದು ಅದೇ. ದಾರಕ್ಕೆ ಎರಡೋ ಮೂರೋ ಗಟ್ಟಿ ಕುಡಿ ಉಳಿಸಿ, ಮಿಕ್ಕವನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿ. ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತಿಬಿಟ್ಟರೆ ಮುಂದೆ ತಾನೇ ಹತ್ತುತ್ತದೆ. ಬುಡದ ಮೂರಡಿ ಎಲೆ ತೆಗೆದರೆ ಗಾಳಿಯಾಡಿ ಬೂಜು ತುಪ್ಪಟ ರೋಗ ಕಡಿಮೆಯಾಗುತ್ತದೆ. ಈ ರೋಗವನ್ನು ಕ್ಯಾಸ್ಕೇಡ್ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಮೊದಲ ವರ್ಷ ಹಿಡಿಯಷ್ಟು ಹೂ ಸಿಕ್ಕರೆ ಪುಣ್ಯ, ಮೂರನೆಯ ವರ್ಷಕ್ಕೆ ಬಳ್ಳಿ ತನ್ನ ಪೂರ್ತಿ ಇಳುವರಿ ತೋರಿಸುತ್ತದೆ.

ಕೊಯ್ಲಿನ ದಿನವನ್ನು ಕೈಯೇ ಹೇಳಬೇಕು. ಬಲಿಯದ ಹೂ ಹಿಚುಕಿದರೆ ಒದ್ದೆ ಒದ್ದೆಯಾಗಿ ಅದುಮಿಕೊಂಡೇ ಉಳಿಯುತ್ತದೆ. ಬಲಿತದ್ದು ಕಾಗದದ ಹಾಗೆ ಸರಸರ ಎನ್ನುತ್ತದೆ, ಬಿಟ್ಟ ಕೂಡಲೇ ಅರಳಿಕೊಳ್ಳುತ್ತದೆ. ಉದ್ದಕ್ಕೆ ಸೀಳಿದರೆ ಎಸಳುಗಳ ಬುಡದಲ್ಲಿ ಅರಿಸಿನದಂಥ ಹಳದಿ ಪುಡಿ. ಅದೇ ಲೂಪುಲಿನ್, ನಾವು ಇಷ್ಟೆಲ್ಲ ಒದ್ದಾಡುವುದು ಅದಕ್ಕಾಗಿ. ಬೆರಳಿಗೆ ಹತ್ತಿದ ಅಂಟು ಸೋಪಿಗೂ ಜಗ್ಗುವುದಿಲ್ಲ. ಬಳ್ಳಿಯ ಒರಟು ರೋಮ ತೋಳು ಗೀರುತ್ತದೆ, ತುಂಬುತೋಳಿನ ಅಂಗಿ ತೊಡಿ. ಹಸಿ ಹೂವಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರು ಇರುವುದರಿಂದ ಹಸಿಯಾಗಿಯೇ ಹಾಕುವುದಾದರೆ ಒಣ ಹೂವಿನ ಐದು ಪಟ್ಟು ತೂಗಿ. ಒಣಗಿಸುವುದಾದರೆ ಹೆಚ್ಚು ಬಿಸಿ ಬೇಡ, ನೆರಳು, ಜಾಲರಿ, ಫ್ಯಾನು ಸಾಕು. ಒಳಗಿನ ದಂಟು ಬಾಗದೆ ಲಟಕ್ಕನೆ ಮುರಿದಾಗ ಗಾಳಿ ತೆಗೆದು ಫ್ರೀಜರಿಗೆ ಹಾಕಿ. ಈ ವಿಷಯದಲ್ಲಿ ಕ್ಯಾಸ್ಕೇಡ್ ಸೋಮಾರಿಗಳನ್ನು ಕ್ಷಮಿಸುವುದಿಲ್ಲ, ಹೊರಗಿಟ್ಟರೆ ಬೇಗ ಸೊರಗುತ್ತದೆ. ಮನೆಯಲ್ಲಿ ನಾಯಿಯಿದ್ದರೆ ಕುದಿಸಿ ತೆಗೆದ ಹೂವಿನ ಚರಟವನ್ನೂ ಅದಕ್ಕೆ ಸಿಗದಂತೆ ಎಸೆಯಿರಿ. ಹಾಪ್ಸ್ ತಿಂದ ನಾಯಿಗೆ ಮೈ ಬಿಸಿ ವಿಪರೀತ ಏರಿ ಪ್ರಾಣಕ್ಕೇ ಕುತ್ತು ಬರಬಹುದು.

ನನ್ನ ಚಿನೂಕನ್ನು ಮೂರು ವರ್ಷದ ಹಿಂದೆ ಅಗೆದು ತೆಗೆದೆ. ತೆಗೆದೆ ಎಂದುಕೊಂಡೆ. ಮಣ್ಣಿನಲ್ಲಿ ಉಳಿದ ಬೆರಳುದ್ದದ ಬೇರು ಚಿಗುರಿ, ಈ ಸಲ ಎರಡು ಕುಡಿ ಕ್ಯಾಸ್ಕೇಡಿನ ದಾರವನ್ನೇ ಹಿಡಿದು ಮೇಲೇರಿದ್ದವು. ಬುಟ್ಟಿ ಅರ್ಧ ತುಂಬಿದ ಮೇಲೆ ಒಂದು ಹೂ ಉಜ್ಜಿ ಮೂಸಿದೆ: ಪೈನ್ ಮರದ ಅಂಟಿನ ವಾಸನೆ. ಆ ಬುಟ್ಟಿಯ ಹೂವನ್ನು ಬೇರೆ ಚೀಲದಲ್ಲಿ ಕಟ್ಟಿ ಮೇಲೆ ‘ಗೊತ್ತಿಲ್ಲ’ ಎಂದು ಬರೆದಿಟ್ಟಿದ್ದೇನೆ.