ಅಂಗವಿಕಲ ಮಕ್ಕಳೆಲ್ಲರೂ ಸಾಮಾನ್ಯ ತರಗತಿಯಲ್ಲೇ ಕಲಿಯಬೇಕೆ? ಪರ – ವಿರೋಧ

ಪರ

ಪ್ರತ್ಯೇಕ ಶಾಲೆಯೇ ಸರಿಯೆನ್ನುವವರು ಮಗುವಿನ ಕೊರತೆಗಳನ್ನು ವಿವರವಾಗಿ ಹೇಳುತ್ತಾರೆ. ಶಾಲೆಯ ಕೊರತೆಗಳ ಮಾತು ಬರುವುದು ಕಡಿಮೆ. ಗಾಲಿಕುರ್ಚಿಯಲ್ಲಿ ಬರುವ ಹುಡುಗಿಗೆ ಗಣಿತ ಕಲಿಯಲು ಯಾವ ಅಡ್ಡಿಯೂ ಇಲ್ಲ. ಅವಳನ್ನು ತಡೆಯುವುದು ಬಾಗಿಲಲ್ಲಿರುವ ಮೆಟ್ಟಿಲುಗಳು, ಕುರ್ಚಿ ತಿರುಗದಷ್ಟು ಇಕ್ಕಟ್ಟಾದ ಶೌಚಾಲಯ. ಮಂದದೃಷ್ಟಿಯ ಹುಡುಗನಿಗೆ ದೊಡ್ಡ ಅಕ್ಷರದ ಪುಸ್ತಕ, ಮುಂದಿನ ಬೆಂಚು, ಕರಿಹಲಗೆಯ ಮೇಲೆ ಬರೆಯುತ್ತಲೇ ಅದನ್ನು ಬಾಯಲ್ಲೂ ಹೇಳುವ ಶಿಕ್ಷಕರು ಸಿಕ್ಕರೆ ಅವನು ಉಳಿದವರ ಜೊತೆಗೇ ಸಾಗಬಲ್ಲ. ಇಷ್ಟನ್ನೂ ಒದಗಿಸದೆ ಮಗುವನ್ನು ಬೇರೆಡೆಗೆ ಕಳುಹಿಸುವ ಶಾಲೆ ತನ್ನ ಹೊಣೆಯನ್ನು ಆ ಮಗುವಿನ ತಲೆಗೆ ಕಟ್ಟುತ್ತಿದೆ.

ಇದು ಕೈಗೆಟುಕದ ಆದರ್ಶವೆಂದು ಹೇಳುವುದೂ ಸರಿಯಲ್ಲ. ಇಟಲಿ ದೇಶವು 1977ರ ಕಾನೂನಿನಿಂದ ತನ್ನ ಶಾಲೆಗಳಲ್ಲಿದ್ದ ಪ್ರತ್ಯೇಕ ತರಗತಿಗಳನ್ನು ರದ್ದುಪಡಿಸಿ, ನೆರವಿನ ಶಿಕ್ಷಕರನ್ನು ಸಾಮಾನ್ಯ ತರಗತಿಯೊಳಕ್ಕೇ ತಂದಿತು. 1994ರಲ್ಲಿ ಸ್ಪೇನಿನ ಸಲಮಾಂಕಾ ನಗರದಲ್ಲಿ ಸೇರಿದ 92 ಸರ್ಕಾರಗಳ ಪ್ರತಿನಿಧಿಗಳು ಸಾಮಾನ್ಯ ಶಾಲೆಗಳು ಎಲ್ಲ ಮಕ್ಕಳಿಗೂ ತೆರೆದಿರಬೇಕೆಂಬ ಘೋಷಣೆಯನ್ನು ಒಪ್ಪಿದರು. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ, ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ಸಾಮಾನ್ಯ ಶಿಕ್ಷಣ ವ್ಯವಸ್ಥೆಯಿಂದ ಹೊರಗಿಡಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ.

ಉಳಿದ ಮಕ್ಕಳಿಗೆ ಪಾಠ ಹಿಂದೆ ಬೀಳುತ್ತದೆಂಬ ಭಯ ಪೋಷಕರಲ್ಲಿ ಸಹಜ. ಆದರೆ ಒಂದೇ ವಿಷಯವನ್ನು ಚಿತ್ರದಲ್ಲಿ, ಮಾತಿನಲ್ಲಿ, ಕೈಯಿಂದ ಮುಟ್ಟಿ ನೋಡುವ ವಸ್ತುವಿನಲ್ಲಿ ವಿವರಿಸುವ ಶಿಕ್ಷಕರಿಂದ ಹೆಚ್ಚು ಕಲಿಯುವವರಲ್ಲಿ, ಯಾವ ಅಂಗವೈಕಲ್ಯವೂ ಇಲ್ಲದೆ ಸುಮ್ಮನೆ ಹಿಂದಿನ ಸಾಲಿನಲ್ಲಿ ಕೂತಿರುವ ಮಕ್ಕಳೂ ಇರುತ್ತಾರೆ. ಮುಂದೆ ಒಂದೇ ಊರಿನಲ್ಲಿ, ಒಂದೇ ಕಚೇರಿಯಲ್ಲಿ ಬದುಕಬೇಕಾದ ಇಬ್ಬರನ್ನು ಆರನೇ ವಯಸ್ಸಿನಲ್ಲೇ ಬೇರೆ ಮಾಡಿದರೆ, ಅವರು ಒಬ್ಬರನ್ನೊಬ್ಬರು ಅರಿಯುವುದು ಎಲ್ಲಿ?

ವಿರೋಧ

ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಕಟ್ಟಿದರೆ ತೀರುವ ತೊಂದರೆಯ ಬಗ್ಗೆ ಇಲ್ಲಿ ತಕರಾರಿಲ್ಲ. ಅದನ್ನು ನಾಳೆಯೇ ಕಟ್ಟಬೇಕು. ಪ್ರಶ್ನೆಯಿರುವುದು "ಎಲ್ಲರೂ" ಎಂಬ ಮಾತಿನಲ್ಲಿ.

ಕಿವುಡ ಮಕ್ಕಳನ್ನೇ ನೋಡೋಣ. ಅವರಲ್ಲಿ ಬಹುಪಾಲು ಜನ ಹುಟ್ಟುವುದು ಕಿವಿ ಕೇಳುವ ತಂದೆತಾಯಿಯರಿಗೆ. ಆದ್ದರಿಂದ ಸನ್ನೆ ಭಾಷೆ ಮನೆಯಲ್ಲಿ ತಾನಾಗಿ ಸಿಗುವುದಿಲ್ಲ. ಅದು ಸಿಗಬೇಕಾದರೆ ಅದನ್ನಾಡುವ ಮಕ್ಕಳು, ಹಿರಿಯರು ಸುತ್ತಲೂ ಇರಬೇಕು. ನಿಕರಾಗುವಾ ದೇಶದಲ್ಲಿ 1970ರ ದಶಕದ ಕೊನೆಯಲ್ಲಿ ಕಿವುಡ ಮಕ್ಕಳನ್ನು ವಿಶೇಷ ಶಾಲೆಯಲ್ಲಿ ಒಟ್ಟುಗೂಡಿಸಿದರು. ಶಿಕ್ಷಕರು ತುಟಿಯ ಚಲನೆ ಓದುವುದನ್ನೂ ಸ್ಪ್ಯಾನಿಷ್ ಮಾತನ್ನೂ ಕಲಿಸಲು ಪ್ರಯತ್ನಿಸುತ್ತಿದ್ದಾಗ, ಮಕ್ಕಳು ಆಟದ ಬಯಲಿನಲ್ಲಿ ತಮ್ಮತಮ್ಮ ಮನೆಯ ಸನ್ನೆಗಳನ್ನು ಬೆರೆಸಿ ಮಾತಾಡಿಕೊಂಡರು. ಅವರ ನಂತರ ಬಂದ ಕಿರಿಯರು ಅದಕ್ಕೆ ವ್ಯಾಕರಣ ಕೊಟ್ಟು ಪೂರ್ಣ ಭಾಷೆಯಾಗಿ ಬೆಳೆಸಿದರು. ಅವರನ್ನು ಒಂದು ಶಾಲೆಗೆ ಒಬ್ಬರಂತೆ ಹಂಚಿದ್ದರೆ ಆ ಭಾಷೆ ಹುಟ್ಟುತ್ತಿರಲಿಲ್ಲ. ಪರವಾದಿಗಳು ಆಧಾರವಾಗಿ ಹಿಡಿಯುವ 24ನೇ ವಿಧಿಯೇ ಮುಂದುವರಿದು, ಕುರುಡ ಮತ್ತು ಕಿವುಡ ಮಕ್ಕಳ ಶಿಕ್ಷಣ ಅವರಿಗೆ ತಕ್ಕ ಭಾಷೆಯಲ್ಲಿ, ಅವರ ಕಲಿಕೆಯೂ ಒಡನಾಟವೂ ಹೆಚ್ಚು ಬೆಳೆಯುವ ವಾತಾವರಣದಲ್ಲಿ ನಡೆಯಬೇಕೆನ್ನುತ್ತದೆ.

ಆಟಿಸಂ ಇರುವ ಕೆಲವು ಮಕ್ಕಳಿಗೆ ತುಂಬಿದ ತರಗತಿಯ ಗದ್ದಲವೇ ತಡೆಯಲಾರದ ಹಿಂಸೆ. ಅಂಥ ಮಗುವನ್ನು ಮೂಲೆಯಲ್ಲಿ ಸಹಾಯಕರೊಬ್ಬರ ಜೊತೆ ಕೂರಿಸಿದಾಗ ಹಾಜರಿ ಪುಸ್ತಕದಲ್ಲಿ ಅದು ತರಗತಿಯೊಳಗಿರುತ್ತದೆ. ಪಾಠವೂ ಗೆಳೆತನವೂ ಮಾತ್ರ ಅದರ ಹತ್ತಿರ ಸುಳಿಯುವುದಿಲ್ಲ. ಬ್ರಿಟನ್ನಿನಲ್ಲಿ 1978ರ ವರದಿಯ ಮೂಲಕ ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗೆ ತರುವ ನೀತಿಗೆ ದಾರಿ ಮಾಡಿದ ಸಮಿತಿಯ ಅಧ್ಯಕ್ಷೆ ಮೇರಿ ವಾರ್ನಕ್ ಅವರೇ 2005ರಲ್ಲಿ ಆ ನೀತಿಯನ್ನು ಮರುಪರಿಶೀಲಿಸಬೇಕೆಂದು ಬರೆದರು.

ವಿಶೇಷ ಶಾಲೆ ಒಮ್ಮೆ ಮುಚ್ಚಿದರೆ ಬ್ರೈಲ್, ಸನ್ನೆ ಭಾಷೆ ಬಲ್ಲ ಅನುಭವಿ ಶಿಕ್ಷಕರು ಚದುರಿಹೋಗುತ್ತಾರೆ. ಸಾಮಾನ್ಯ ತರಗತಿ ಒಗ್ಗದ ಮಗುವಿಗೆ ಹಿಂತಿರುಗಲು ಜಾಗ ಉಳಿಯುವುದಿಲ್ಲ. ಆದ್ದರಿಂದ ಎರಡೂ ಬಗೆಯ ಶಾಲೆಗಳಿಗೆ ಸರ್ಕಾರ ಹಣ ಕೊಡಬೇಕು, ಯಾವುದು ಬೇಕೆಂಬುದನ್ನು ಮಗುವೂ ಅದರ ಮನೆಯವರೂ ಆರಿಸಿಕೊಳ್ಳಬೇಕು, ಆ ಆಯ್ಕೆಯನ್ನು ಬೇಕೆಂದಾಗ ಬದಲಿಸಲೂ ಅವರಿಗೆ ಅವಕಾಶವಿರಬೇಕು.