ಇದ್ದ ಬಣ್ಣ ಅಳಿಸೋ ಲೈಟು ನಮಗೆ ಯಾಕೆ ಬೇಕು?

ನಿನ್ನೆ ಸಂಜೆ ಅಕ್ಕನ ಮನೆಗೆ ಹೋಗಿ ಬಂದೆ. ಆಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಬರೆದೇ ಮಲಗುತ್ತೇನೆ.

ಅಕ್ಕನ ಮಗಳು ಹಸೆ ಚಿತ್ತಾರ ಬರೆಯುತ್ತಾಳೆ, ನಿಮಗೆಲ್ಲ ಗೊತ್ತು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಪುಂಡಿ ನಾರಿನ ಬ್ರಷ್ಷು. ನಮ್ಮ ಸಾಗರದ ಕಡೆ ದೀವರ ಹೆಣ್ಮಕ್ಕಳು ಮದುವೆ ಮನೆ ಗೋಡೆಗೆ ಬರೆಯುತ್ತಾ ಬಂದ ಕಲೆ. ಆರು ತಿಂಗಳಿಂದ ಅವಳು ಅದನ್ನು ವಿಡಿಯೋ ಮಾಡಿ ಹಾಕುತ್ತಿದ್ದಾಳೆ. ಎಳೆ ಎಳೆಯಾಗಿ ಹೇಳಿಕೊಡುತ್ತಾಳೆ. ನನಗೆ ಅವಳ ಮೇಲೆ ಎಷ್ಟು ಹೆಮ್ಮೆ ಅಂತ ಹೇಳಿ ಮುಗಿಯುವುದಿಲ್ಲ.

ಜಗುಲಿಗೆ ಕಾಲಿಟ್ಟರೆ ಕಣ್ಣು ಕುಕ್ಕಿತು. ಅವಳ ಮುಖದಿಂದ ಎರಡೇ ಅಡಿ ದೂರದಲ್ಲಿ 18 ಇಂಚಿನ, ಬಳೆಯಾಕಾರದ ರಿಂಗ್ ಲೈಟು. ಪಕ್ಕದಲ್ಲಿ ಇನ್ನೊಂದು ಎಲ್ಇಡಿ ಪ್ಯಾನೆಲ್ಲು. ಎರಡೂ ಫುಲ್ ಬ್ರೈಟ್‌ನೆಸ್. ಫೋನಿನ ಪರದೆ ಬಗ್ಗಿ ನೋಡಿದೆ. ಅಲ್ಲಿ ಕೂತಿದ್ದವಳು ನಮ್ಮ ಹುಡುಗಿ ಅಲ್ಲ. ಸುಣ್ಣ ಬಳಿದ ಹಾಗೆ ಒಂದು ಮುಖ. ಮೂಗು ಎಲ್ಲಿ ಶುರುವಾಗುತ್ತದೆ, ಕೆನ್ನೆ ಎಲ್ಲಿ ಮುಗಿಯುತ್ತದೆ ಗೊತ್ತಾಗುತ್ತಿರಲಿಲ್ಲ. ಎರಡೂ ಕಣ್ಣಲ್ಲಿ ಬಿಳಿ ಬಳೆ. ಹಿಂದಿನ ಕೆಮ್ಮಣ್ಣಿನ ಗೋಡೆ ಹಳೇ ಇಟ್ಟಿಗೆ ಪುಡಿಯಂತೆ ಮಂಕಾಗಿತ್ತು.

"ಏನೇ ಇದು?" ಅಂದೆ.

"ವಿಡಿಯೋದಲ್ಲಿ ಕಪ್ಪಗೆ ಕಾಣ್ತೀಯ, ಲೈಟ್ ಜಾಸ್ತಿ ಮಾಡು ಅಂತ ಎಲ್ಲರೂ ಹೇಳ್ತಾರೆ ಚಿಕ್ಕಿ. ಅಂಗಡಿಯವನೂ ಅದನ್ನೇ ಹೇಳಿದ," ಅಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ನನ್ನ ಸಿಟ್ಟಿರುವುದು ಅಲ್ಲೇ. ಅವಳು ಇರುವುದೇ ಕಪ್ಪಗೆ. ಕಪ್ಪಗೆ ಇರುವವಳು ಕಪ್ಪಗೆ ಕಾಣುವುದು ವಿಡಿಯೋದ ತಪ್ಪು ಹೇಗಾಯಿತು? ಅವಳಿಗೆ ಬೇಕಾಗಿದ್ದದ್ದು ಒಳ್ಳೆ ಬೆಳಕು. ನಾವೆಲ್ಲ ಸೇರಿ ಅವಳಿಗೆ ಕೊಡಿಸಿದ್ದು ಜಾಸ್ತಿ ಬೆಳಕು. ಇವೆರಡೂ ಒಂದೇ ಅಲ್ಲ. ಇಪ್ಪತ್ತು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಾ ಇದ್ದೇನೆ, ಇಷ್ಟು ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ರಿಂಗ್ ಲೈಟು ಯಾಕೆ ಹುಟ್ಟಿತು ಗೊತ್ತಾ? ಹಲ್ಲಿನ ಡಾಕ್ಟರುಗಳಿಗಾಗಿ. 1952ರಲ್ಲಿ ಲೆಸ್ಟರ್ ಡೈನ್ ಅನ್ನುವವರು ರಿಂಗ್ ಫ್ಲ್ಯಾಶ್ ಮಾಡಿದ್ದು ಬಾಯಿಯೊಳಗಿನ ಫೋಟೋ ತೆಗೆಯಲು. ಕ್ಯಾಮೆರಾ ಲೆನ್ಸಿನ ಸುತ್ತಲೂ ಬೆಳಕಿದ್ದರೆ ದವಡೆ ಹಲ್ಲಿನ ಸಂದಿಯಲ್ಲೂ ನೆರಳು ಬೀಳುವುದಿಲ್ಲ. ಅಲ್ಲಿಗೆ ಅದು ಸರಿ. ಆದರೆ ಮುಖಕ್ಕೆ ನೆರಳು ಬೇಕಲ್ವಾ? ಮೂಗಿನ ಪಕ್ಕದ ನೆರಳು, ಕೆನ್ನೆ ಕೆಳಗಿನ ನೆರಳು, ಇವೇ ಮುಖಕ್ಕೆ ಆಕಾರ ಕೊಡುವುದು. ಅವನ್ನು ಅಳಿಸಿದರೆ ಉಳಿಯುವುದು ಆಧಾರ್ ಕಾರ್ಡಿನ ಫೋಟೋ.

ಇನ್ನೂ ಒಂದು ವಿಷಯ. ಬೆಳಕು ದೂರ ಹೋದ ಹಾಗೆ ಬೇಗ ಸಣ್ಣದಾಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಅವಳ ಮುಖ ಲೈಟಿಗೆ ಎರಡು ಅಡಿ ದೂರ, ಹಿಂದಿನ ಗೋಡೆ ನಾಲ್ಕು ಅಡಿ. ಅಂದರೆ ಮುಖಕ್ಕೆ ಬಿದ್ದಿದ್ದರಲ್ಲಿ ಹೆಚ್ಚುಕಡಿಮೆ ಕಾಲು ಪಾಲು ಮಾತ್ರ ಗೋಡೆಗೆ. ಗೋಡೆ ಮೊದಲೇ ಗಾಢ ಕೆಂಪು. ಫೋನು ಇಡೀ ಚಿತ್ರ ಲೆಕ್ಕ ಹಾಕಿ, ಅಯ್ಯೋ ಕತ್ತಲೆ ಇದೆ ಅಂತ ತಾನೇ ಎಕ್ಸ್‌ಪೋಶರ್ ಏರಿಸುತ್ತದೆ. ಏರಿಸಿದ್ದೆಲ್ಲ ಹೋಗಿ ಕೂರುವುದು ಮುಖದ ಮೇಲೆ. ಅದರ ಮೇಲೆ ಬ್ಯೂಟಿ ಫಿಲ್ಟರ್ ಬೇರೆ. ಎಷ್ಟೋ ಫೋನುಗಳಲ್ಲಿ ಮುಂದಿನ ಕ್ಯಾಮೆರಾಗೆ ಅದು ಮೊದಲಿನಿಂದಲೇ ಆನ್ ಇರುತ್ತದೆ. ಅವಳ ಫೋನಿನಲ್ಲೂ ಆನ್ ಇತ್ತು. ಅವಳಿಗೆ ಗೊತ್ತೇ ಇರಲಿಲ್ಲ.

ನಮ್ಮ ಸೋದರಮಾವನ ಸ್ಟುಡಿಯೋ ಹಳಬರಿಗೆ ನೆನಪಿರಬಹುದು. ಶಾಲೆ ರಜೆಯಲ್ಲಿ ನಾನು ಅಲ್ಲೇ ಇರುತ್ತಿದ್ದೆ. ಮಾವ ಯಾವತ್ತೂ ಲೈಟನ್ನು ಎದುರಿಗೆ ಇಡುತ್ತಿರಲಿಲ್ಲ. ಓರೆಯಾಗಿ, ಕಣ್ಣಿಗಿಂತ ಸ್ವಲ್ಪ ಮೇಲೆ, ಬಿಳಿ ಕೊಡೆಯೊಳಗೆ ತಿರುಗಿಸಿ ಇಡುತ್ತಿದ್ದರು. "ಬೀಟೆ ಮರದ ಬಾಗಿಲಿಗೆ ಎದುರಿಂದ ಬ್ಯಾಟರಿ ಬಿಟ್ಟು ನೋಡು, ಮಧ್ಯೆ ಒಂದು ಬಿಳಿ ಚುಕ್ಕೆ ಬಿಟ್ಟು ಏನೂ ಕಾಣಲ್ಲ. ಪಕ್ಕದ ಕಿಟಕಿ ತೆಗಿ, ಮರದ ಎಳೆ ಎಲ್ಲ ಕಾಣುತ್ತೆ," ಅನ್ನುತ್ತಿದ್ದರು. ಕಪ್ಪು ಚರ್ಮಕ್ಕೂ ಹಾಗೇ. ಅದು ದೊಡ್ಡ ಮೆತ್ತನೆ ಬೆಳಕನ್ನು ಮೈಮೇಲೆ ಹಿಡಿದುಕೊಂಡು ಮಿನುಗುತ್ತದೆ. ಹಣೆ, ಕೆನ್ನೆಮೂಳೆ, ಮೂಗಿನ ಏಣು ಒಂದೊಂದಾಗಿ ಎದ್ದು ಬರುತ್ತವೆ. ಅಷ್ಟು ಚೆಂದದ ವಸ್ತುವಿಗೆ ನಾವು ಎದುರಿಂದ ಬ್ಯಾಟರಿ ಬಿಡುತ್ತಿದ್ದೇವೆ.

ಬೆಳಕನ್ನು ಹೀಗೆ ತಿರುಗಿಸಿ ತರುವುದರಲ್ಲಿ ನಮ್ಮವರೇ ದೊಡ್ಡ ಹೆಸರು ಮಾಡಿದ್ದಾರೆ. ಸಿನಿಮಾ ಛಾಯಾಗ್ರಾಹಕ, ಮೈಸೂರಿನ ವಿ.ಕೆ. ಮೂರ್ತಿಯವರು. 1959ರಲ್ಲಿ ತೆರೆಗೆ ಬಂದ 'ಕಾಗಜ್ ಕೆ ಫೂಲ್' ಚಿತ್ರೀಕರಣದ ಸಮಯದಲ್ಲಿ ಕನ್ನಡಿ ಇಟ್ಟು ಸೂರ್ಯನ ಬಿಸಿಲನ್ನೇ ಸ್ಟುಡಿಯೋ ಒಳಗೆ ತಂದರು. ಆ ಬೆಳಕಿನ ಕೋಲು ಇವತ್ತಿಗೂ ಸಿನಿಮಾ ಕಲಿಯುವವರಿಗೆ ಪಾಠ. ಮುಂದೆ ಅವರಿಗೆ ಫಾಲ್ಕೆ ಪ್ರಶಸ್ತಿ ಬಂತು. ಎರಡು ಕನ್ನಡಿ ಮತ್ತು ಬಿಸಿಲು! ಅಷ್ಟು ಮಾಡಿದವರ ನಾಡಿನವರು ನಾವು, ಮುಖಕ್ಕೆ ರಾಚುವ ಲೈಟಿಗೆ ಸಾವಿರಗಟ್ಟಲೆ ಸುರಿಯುತ್ತಿದ್ದೇವೆ.

ಕಪ್ಪು ಮುಖ ಕ್ಯಾಮೆರಾದಲ್ಲಿ ಕೆಡುವುದು ಕಪ್ಪಿನ ತಪ್ಪಲ್ಲ ಅಂತ ಸ್ವಲ್ಪ ಓದಿದರೂ ತಿಳಿಯುತ್ತದೆ. ಫೋಟೋ ಫಿಲ್ಮ್ ಮಾಡುತ್ತಿದ್ದ ಕೊಡಾಕ್ ಕಂಪನಿ 1950ರ ದಶಕದಿಂದ ಫೋಟೋ ಲ್ಯಾಬುಗಳಿಗೆ ಒಂದು ಕಾರ್ಡು ಕಳಿಸುತ್ತಿತ್ತು. ಶರ್ಲಿ ಕಾರ್ಡ್ ಅಂತ ಹೆಸರು. ಅದರಲ್ಲಿ ಬಿಳಿ ಚರ್ಮದ ಒಬ್ಬ ಹೆಂಗಸು. ಅವಳ ಬಣ್ಣ ಸರಿ ಬಂದರೆ ಪ್ರಿಂಟು ಸರಿ ಅಂತ ಲೆಕ್ಕ. ಕಂದು ಬಣ್ಣ ಸರಿಯಾಗಿ ಬರುವುದಿಲ್ಲ ಅಂತ ಕಂಪನಿಯ ಕಿವಿಗೆ ಬಿದ್ದಿದ್ದು ಯಾರಿಂದ ಗೊತ್ತಾ? ಚಾಕೊಲೇಟು ಮಾಡುವವರಿಂದ, ಮರದ ಪೀಠೋಪಕರಣ ಮಾಡುವವರಿಂದ. ಮನುಷ್ಯರ ಮುಖಕ್ಕಿಂತ ಮೊದಲು ಮೇಜು ಕುರ್ಚಿಗೆ ನ್ಯಾಯ ಸಿಕ್ಕಿತು. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ. ಗೂಗಲ್ ತನ್ನ ಫೋನಿಗೆ 'ರಿಯಲ್ ಟೋನ್' ಅಂತ ಎಲ್ಲ ಚರ್ಮದ ಬಣ್ಣ ಸರಿ ತೋರಿಸುವ ವ್ಯವಸ್ಥೆ ತಂದಿದ್ದು 2021ರಲ್ಲಿ. ಇಷ್ಟು ತಡವಾಗಿ! ಕ್ಯಾಮೆರಾ ಮಾಡುವವರೇ ತಪ್ಪು ತಿದ್ದಿಕೊಳ್ಳುತ್ತಿರುವ ಕಾಲದಲ್ಲಿ ನಾವು ನಮ್ಮ ಮಕ್ಕಳಿಗೆ, ನೀನೇ ಸರಿ ಇಲ್ಲ ಕಣೇ ಅನ್ನುತ್ತಿದ್ದೇವೆ.

ಕೆಲವರು ಹೇಳುತ್ತಾರೆ, ಅವಳ ಮುಖ, ಅವಳ ಇಷ್ಟ, ನಿಮಗೇನು? ಮೇಕಪ್ ಮಾಡಿಕೊಳ್ಳುವುದಿಲ್ವಾ, ಇದೂ ಹಾಗೇ. ಮೊದಲೂ ಸ್ಟುಡಿಯೋದವರು ತಿಳಿ ಮಾಡಿ ಕೊಡುತ್ತಿದ್ದರಲ್ಲ?

ಕೊಡುತ್ತಿದ್ದರು. ನಮ್ಮ ಮಾವನೇ ಕೊಟ್ಟಿದ್ದರು. ಅಕ್ಕನಿಗೆ ಗಂಡು ನೋಡುವಾಗ ಕಳಿಸಿದ ಫೋಟೋವನ್ನು ಲ್ಯಾಬಿನವರಿಗೆ ಹೇಳಿ ತಿಳಿ ಪ್ರಿಂಟು ಹಾಕಿಸಿದ್ದರು. ಒಳ್ಳೆಯದಾಗಲಿ ಅಂತಲೇ ಮಾಡಿದ್ದು. ಹುಡುಗನ ಕಡೆಯವರು ಬಂದರು. ಉಪ್ಪಿಟ್ಟು ತಿಂದರು. ಎದ್ದು ಹೋಗುವಾಗ ಒಬ್ಬರು, "ಫೋಟೋದಲ್ಲಿ ಬೇರೆ ಥರ ಇದ್ಲು," ಅಂದರು. ಅಕ್ಕ ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದಳು. ನಾನು ಅವಳ ಪಕ್ಕದಲ್ಲೇ ಇದ್ದೆ. ಆ ರಾತ್ರಿ ಅವಳು ಊಟ ಮಾಡಲಿಲ್ಲ. ಆಮೇಲೆ ಮಾವ ಯಾರಿಗೂ ತಿಳಿ ಪ್ರಿಂಟು ಹಾಕಿಸಿ ಕೊಡಲಿಲ್ಲ. (ಅಕ್ಕನನ್ನು ಕೇಳಿಯೇ ಇದನ್ನು ಬರೆದಿದ್ದೇನೆ. ಬರಿ ಅಂದಳು.)

ಇಷ್ಟ ಅನ್ನುವ ಮಾತು ಸುಲಭ. ಅವಳಿಗೆ ಇಷ್ಟವಾಗಿ ಕಾಡಿಗೆ ಹಚ್ಚಿಕೊಳ್ಳಲಿ, ನೀಲಿ ಲಿಪ್‌ಸ್ಟಿಕ್ ಹಾಕಲಿ, ನಾನು ಚಪ್ಪಾಳೆ ಹೊಡೆಯುತ್ತೇನೆ. ಆದರೆ ಹತ್ತು ಜನ ಕಾಮೆಂಟಿನಲ್ಲಿ ಡಲ್ ಕಾಣ್ತೀಯ ಅಂದ ಮೇಲೆ ಅವಳು ಲೈಟು ಏರಿಸಿದಳು. ಅದನ್ನು ಇಷ್ಟ ಅಂತ ಹೇಗೆ ಕರೆಯುವುದು? ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರು ಬದಲಿಸಿ ಗ್ಲೋ ಅಂಡ್ ಲವ್ಲಿ ಆಯಿತು. ಎಲ್ಲರೂ ಖುಷಿಪಟ್ಟೆವು. ಟ್ಯೂಬಿನ ಮೇಲಿಂದ ಹೋದ ಆ ಮಾತು ಈಗ ನಮ್ಮ ಫೋನಿನೊಳಗೆ ಬಂದು ಕೂತಿದೆ.

ಈಗ ನನ್ನದೇ ಒಂದು ವಿಷಯ ಹೇಳಬೇಕು. ಇದುವರೆಗೆ ಯಾರಿಗೂ ಹೇಳಿಲ್ಲ.

2020ರ ಲಾಕ್‌ಡೌನಿನಲ್ಲಿ ನಾನು ಮಕ್ಕಳಿಗೆ ಪಾಠದ ವಿಡಿಯೋ ಮಾಡಿದ್ದು ನಿಮಗೆ ನೆನಪಿದೆ. ಎಷ್ಟೋ ಜನ ಶೇರ್ ಮಾಡಿದ್ದಿರಿ. ಆ 46 ವಿಡಿಯೋದಲ್ಲೂ ನಾನು ಬ್ಯೂಟಿ ಫಿಲ್ಟರ್ ಹಾಕಿದ್ದೆ. ಅದು ತಾನಾಗಿ ಆನ್ ಇದ್ದದ್ದಲ್ಲ. ಬೇಕು ಅಂತ, ಗೊತ್ತಿದ್ದು ಹಾಕಿದ್ದೆ. ಕಪ್ಪು ಹಲಗೆ ಮುಂದೆ ಕಪ್ಪು ಮೇಡಂ ಅಂತ ಯಾರಾದರೂ ಅಂದುಕೊಂಡಾರು ಅಂತ ಹೆದರಿಕೆ ಇತ್ತು. ಶಾಲೆ ಮತ್ತೆ ಶುರುವಾದ ವಾರ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ನನ್ನಷ್ಟೇ ಕಪ್ಪು. "ಮಿಸ್, ವಿಡಿಯೋದಲ್ಲಿ ಬೆಳ್ಳಗೆ ಕಾಣೋಕೆ ಏನ್ ಹಾಕ್ಕೊಂಡ್ರಿ? ನಂಗೂ ಹೇಳಿ," ಅಂದಳು. ಅವಳ ದನಿಯಲ್ಲಿ ಚೇಷ್ಟೆ ಇರಲಿಲ್ಲ. ನಿಜವಾಗಿ ಕೇಳಿದಳು. ನಾನು ಏನೂ ಹೇಳಲಿಲ್ಲ. ಬೆಲ್ ಆಯಿತು ಹೋಗು ಅಂದೆ. ವಕ್ರೀಭವನ, ಪ್ರತಿಫಲನ ಎಲ್ಲ ಕಲಿಸಿದ ಟೀಚರ್ ಅವಳಿಗೆ ಕಲಿಸಿದ್ದು ಕೊನೆಗೆ ಇದನ್ನಾ? ಇವತ್ತಿಗೂ ಆ ಹುಡುಗಿ ಬಾಗಿಲಲ್ಲಿ ನಿಂತ ಹಾಗೆ ಅನ್ನಿಸುತ್ತದೆ. ನಿನ್ನೆ ಜಗುಲಿಯಲ್ಲಿ ಅಕ್ಕನ ಮಗಳು ಮುಖ ತಪ್ಪಿಸಿದಾಗ ನನಗೆ ಕಂಡಿದ್ದು ಆ ಶಾಲೆ ಹುಡುಗಿಯೇ.

ಅದಕ್ಕೇ ನಿನ್ನೆ ಬೈದು ಎದ್ದು ಬರಲಿಲ್ಲ. ಸೆರಗು ಸಿಕ್ಕಿಸಿ ಕೆಲಸಕ್ಕೆ ಇಳಿದೆ.

ಮೊದಲು ಎರಡೂ ಲೈಟು ಆರಿಸಿದೆ. ಫಿಲ್ಟರ್ ತೆಗೆದೆ. ಭಾವನ ಒಗೆದ ಬಿಳಿ ಪಂಚೆ ಒಂದನ್ನು ಅವಳ ಎಡಗಡೆ, ಸುಮಾರು ಐದು ಅಡಿ ದೂರದಲ್ಲಿ ಹಗ್ಗಕ್ಕೆ ಹರಡಿದೆ. ಮಡಿಕೆ ಬಿಚ್ಚಿ ಒಂದೇ ಪದರ. ಎರಡೂ ಲೈಟು ಪಂಚೆಯ ಹಿಂದೆ, ಅವಳ ಕಣ್ಣಿಗಿಂತ ಒಂದು ಗೇಣು ಎತ್ತರದಲ್ಲಿ. ಈಗ ಬೆಳಕು ಕೊಡುತ್ತಿದ್ದದ್ದು ಇಡೀ ಪಂಚೆ. ಅವಳಿಗೂ ಗೋಡೆಗೂ ಹೆಚ್ಚುಕಡಿಮೆ ಒಂದೇ ಥರ ಬಿತ್ತು. ಬಲಗಡೆ ತುಂಬಾ ಕತ್ತಲಾಯಿತು ಅನ್ನಿಸಿತು. ಹೊಸ ಟಿವಿ ಬಂದಾಗ ಅಟ್ಟಕ್ಕೆ ಎಸೆದಿದ್ದ ಥರ್ಮಾಕೋಲ್ ತಂದು ಅವಳ ಭುಜದ ಪಕ್ಕ ಒರಗಿಸಿದೆ. ಸಿನಿಮಾದವರೂ ಇದನ್ನೇ ಬಳಸುತ್ತಾರೆ. ನೆರಳಿನ ಕಡೆ ಕೆನ್ನೆಗೆ ಸ್ವಲ್ಪ ಬೆಳಕು ವಾಪಸ್ ಬಂತು. ಜಗುಲಿಯ ಟ್ಯೂಬ್‌ಲೈಟ್ ಆರಿಸಿದೆ, ಎರಡು ಥರದ ಬಿಳಿ ಸೇರಿದರೆ ಬಣ್ಣ ಕೆಡುತ್ತದೆ. ಫೋನಿನಲ್ಲಿ ಅವಳ ಮುಖದ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಪಕ್ಕದ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆದೆ.

ಪರದೆ ಅವಳ ಕಡೆ ತಿರುಗಿಸಿದೆ.

ಅವಳು ತುಂಬಾ ಹೊತ್ತು ನೋಡಿದಳು. ಎಡಗೆನ್ನೆ ಮೇಲೆ ಹಿತ್ತಾಳೆ ಚೊಂಬಿನ ಅಂಚಿನಂಥ ಒಂದು ಹೊಳಪು. ಮೂಗುಬೊಟ್ಟು ಮಿನುಗುತ್ತಿತ್ತು. ಹುಬ್ಬಿನ ಪಕ್ಕ ಚಿಕ್ಕವಳಿದ್ದಾಗ ಬಿದ್ದ ಗಾಯದ ಗುರುತೂ ಇತ್ತು. ಬೆರಳಿಗೆ ಅಂಟಿದ ಅಕ್ಕಿ ಹಿಟ್ಟಿನ ಬಿಳಿ ಆ ಕಪ್ಪು ಕೈ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅಂದರೆ, ಅದೇ ಒಂದು ಹಸೆಯ ಹಾಗಿತ್ತು. "ಇದು ನಾನೇ ಅಲ್ವಾ ಚಿಕ್ಕಿ," ಅಂದಳು. ಹೌದು ಕಣೇ, ನೀನೇ.

ಒಂದು ಮಾತ್ರ ಸರಿಹೋಗಲಿಲ್ಲ. ಕೆಮ್ಮಣ್ಣು. ಮಂಕು ಕಡಿಮೆಯಾದರೂ ಕಣ್ಣಿಗೆ ಕಾಣುವ ಕೆಂಪು ಬರಲಿಲ್ಲ. ಅದು ಲೈಟಿನ ಹುಟ್ಟುಗುಣ. ಕಡಿಮೆ ಬೆಲೆಯ ಎಲ್ಇಡಿಯಲ್ಲಿ ಕೆಂಪು ಕಡಿಮೆ ಇರುತ್ತದೆ. ಎಷ್ಟೋ ಡಬ್ಬದ ಮೇಲೆ ಸಿಆರ್‌ಐ ಅಂತ ಒಂದು ಅಂಕಿ ಇರುತ್ತದೆ, ಆ ಬೆಳಕಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ, 100ಕ್ಕೆ ಎಷ್ಟು ಅಂತ. ಮಾಮೂಲಿ ಮನೆ ಬಲ್ಬಿಗೆ 80ರ ಆಸುಪಾಸು. ವಿಡಿಯೋಗೆ 95 ದಾಟಿದ್ದು ಬೇಕು. ಅಲ್ಲೂ ಒಂದು ಕೊರತೆ. ಆ ಅಂಕಿ ಲೆಕ್ಕ ಹಾಕುವುದು ಎಂಟು ತಿಳಿ ಬಣ್ಣಗಳ ಮೇಲೆ. ಗಾಢ ಕೆಂಪು ಅದರಲ್ಲಿ ಸೇರುವುದಿಲ್ಲ, ಅದಕ್ಕೆ ಆರ್9 ಅಂತ ಬೇರೆ ಅಂಕಿ ನೋಡಬೇಕು. ಕೆಮ್ಮಣ್ಣಿಗೂ ಅದೇ ಕೆಂಪು ಬೇಕು, ನಮ್ಮ ಚರ್ಮಕ್ಕೂ ಅದೇ ಕೆಂಪು ಬೇಕು. ಕಪ್ಪು ಚರ್ಮ ಬೂದಿ ಬಣ್ಣಕ್ಕೆ ತಿರುಗಿ ಕಂಡರೆ ಲೈಟಿನಲ್ಲಿ ಕೆಂಪು ಕಡಿಮೆ ಇರಬಹುದು. ಲೈಟು ಕೊಳ್ಳುವ ಮೊದಲು ವಾಟ್ ಕೇಳಬೇಡಿ, ಇದನ್ನು ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಡಬ್ಬ ತಿರುಗಿಸಿ ನೀವೇ ಓದಿ. ವಿಡಿಯೋದಲ್ಲಿ ಪಟ್ಟೆ ಪಟ್ಟೆಯಾಗಿ ಬೆಳಕು ಓಡಿದರೆ ಫೋನಿನ ಸೆಟ್ಟಿಂಗಿನಲ್ಲಿ ಫ್ಲಿಕರ್ ಅನ್ನು 50 ಹರ್ಟ್ಜ್‌ಗೆ ಇಡಿ, ನಮ್ಮ ಕರೆಂಟು ಅದೇ.

ಹೊಸ ಲೈಟಿಗೆ ದುಡ್ಡು ಕೂಡಿಸುವ ತನಕ ಹಗಲು ಹೊತ್ತಿನ ಬೆಳಕೇ ಸಾಕು ಅಂತ ಇಬ್ಬರೂ ಮಾತಾಡಿಕೊಂಡೆವು. ಅಕ್ಕನ ಮನೆ ಜಗುಲಿಗೆ ಬೆಳಿಗ್ಗೆ ಎಂಟಕ್ಕೆ ಓರೆ ಬಿಸಿಲು ಬರುತ್ತದೆ. ಪಂಚೆ ಅಡ್ಡ ಹಾಕಿದರೆ ಸೂರ್ಯನಿಗಿಂತ ಒಳ್ಳೆ ಲೈಟು ಯಾವ ಅಂಗಡಿಯಲ್ಲೂ ಇಲ್ಲ.

ನನ್ನ ಆ 46 ವಿಡಿಯೋ ಇನ್ನೂ ಹಾಗೇ ಇವೆ. ಈ ರಜೆಯಲ್ಲಿ ಎಲ್ಲವನ್ನೂ ಮೊದಲಿನಿಂದ ಮಾಡುತ್ತೇನೆ, ನನ್ನ ಮುಖದಲ್ಲೇ. ಆ ಹುಡುಗಿ ಈಗ ಡಿಗ್ರಿ ಓದುತ್ತಿದ್ದಾಳೆ. ನಂಬರ್ ಸಿಕ್ಕಿದೆ. ಮೊದಲನೆಯದನ್ನು ಅವಳಿಗೇ ಕಳಿಸುತ್ತೇನೆ. ಭಾನುವಾರ ಶುರು. ಪಂಚೆ ಹಗ್ಗದ ಮೇಲೇ ಇರಲಿ, ತೆಗೆಯಬೇಡಿ ಅಂತ ಭಾವನಿಗೆ ಹೇಳಿ ಬಂದಿದ್ದೇನೆ.