ಮಾತು ಬಿಟ್ಟ ಮೂರು ದಿನ

ಗಂಡ ಹೆಂಡತಿ ಮಾತು ಬಿಟ್ಟರೆ ಮನೆ ನಿಶ್ಶಬ್ದವಾಗುತ್ತದೆ ಎಂದು ಭಾವಿಸುವವರು ನಮ್ಮ ಮನೆಗೆ ಬಂದು ನೋಡಬೇಕು. ಅಂಥ ದಿನಗಳಲ್ಲಿ ಇಲ್ಲಿ ಮಾತು ಎಂದಿಗಿಂತ ಹೆಚ್ಚೇ ಇರುತ್ತದೆ. ಅದರ ವಿಳಾಸ ಮಾತ್ರ ಬೇರೆ. "ಪುಟ್ಟಿ, ಕಾಫಿ ಆರಿಹೋಗ್ತಿದೆ ಅಂತ ನಿಮ್ಮಪ್ಪನಿಗೆ ಹೇಳು" ಎಂಬ ವಾಕ್ಯವು ಪತ್ರಿಕೆ ಹಿಡಿದು ಅಲ್ಲೇ ಕುಳಿತಿರುವ ನನ್ನನ್ನು ದಾಟಿ, ಮಗಳ ಕೋಣೆಗೆ ಹೋಗಿ, ಅಲ್ಲಿಂದ ನನ್ನ ಬಳಿಗೆ ಹಿಂದಿರುಗಬೇಕು. ಮಗಳು ಶಾಲೆಗೆ ಹೋದ ಮೇಲೆ ಈ ಜವಾಬ್ದಾರಿ ಕುಕ್ಕರಿನದು. "ಗ್ಯಾಸ್ ಬುಕ್ ಮಾಡೋದು ಈ ಮನೇಲಿ ಯಾರಿಗೆ ನೆನಪಿರತ್ತೆ" ಎಂದು ಅದರ ಮುಂದೆ ಹೇಳಿದ್ದನ್ನು ಕೇಳಿಸಿಕೊಂಡು ನಾನು ಮೊಬೈಲು ಕೈಗೆತ್ತಿಕೊಳ್ಳುತ್ತೇನೆ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಆರಂಭಿಸಿದ್ದು ಇದೇ ಮೈಸೂರಿನಲ್ಲಿ. ಅದೇ ಊರಿನಲ್ಲಿ ಅಡುಗೆಮನೆಯ ಮಾತು ನಡುಮನೆಗೆ ತಲುಪಲು ಇಷ್ಟು ಸುತ್ತಬೇಕಾಗಿದೆ.

ಕಳೆದ ಡಿಸೆಂಬರಿನ ಮುನಿಸಿಗೆ ಕಾರಣ ಉಪ್ಸಾರು. ನನ್ನ ಹೆಂಡತಿಯ ತವರು ಮದ್ದೂರಿನ ಕಡೆಯ ಹಳ್ಳಿ. ಗೆಳೆಯರು ಊಟಕ್ಕೆ ಬಂದಿದ್ದಾಗ ಮುದ್ದೆಯ ಪಕ್ಕಕ್ಕೆ ಅವಳು ಉಪ್ಸಾರು ಬಡಿಸುತ್ತಿದ್ದಳು. "ಸೊಪ್ಪು ಬೇಯಿಸಿದ ನೀರು ಚೆಲ್ಲೋಕೆ ಮನಸ್ಸು ಬಾರದವರು ಕಂಡುಹಿಡಿದ ಸಾರು ಇದು" ಎಂದುಬಿಟ್ಟೆ. ಎಲ್ಲರೂ ನಕ್ಕರು. ರಾತ್ರಿ ಅವಳು ಆ ವಿಷಯ ಎತ್ತಿದಾಗ, ತಮಾಷೆಯೂ ಅರ್ಥವಾಗುವುದಿಲ್ಲವೇ ಎಂದು ಕೇಳಿದೆ. ಅದಕ್ಕೆ ಬರತೊಡಗಿದ ಉತ್ತರ ಅವಳ ಅಮ್ಮನ ಅಡುಗೆಮನೆಯಿಂದ ಹೊರಟು ನಮ್ಮ ಮದುವೆಯ ವರ್ಷದವರೆಗೂ ಬಂದಾಗ ಮಗ್ಗುಲು ಬದಲಿಸಿ ಗೋಡೆಯ ಕಡೆ ಮುಖಮಾಡಿ ಮಲಗಿದೆ.

ಮುನಿಸು ಹೆಂಗಸರ ಸ್ವತ್ತೆಂದು ಸತ್ಯಭಾಮೆಯ ಕಾಲದಿಂದಲೂ ನಂಬಿಕೊಂಡು ಬಂದಿದ್ದೇವೆ. ಆದರೆ ಮುನಿಸಿಗೆ ಒಂದು ಬಾಗಿಲಿರುತ್ತದೆ. ಮುನಿದವರು ಯಾರಾದರೂ ಬಂದು ರಮಿಸಲಿ ಎಂದು ಕಾಯುತ್ತಾರೆ. ಗೋಡೆಯ ಕಡೆ ತಿರುಗಿದವನು ಯಾರನ್ನೂ ಕಾಯುವುದಿಲ್ಲ. ದಂಪತಿಗಳ ನಾಡಿಬಡಿತವನ್ನು ಅಳೆಯುತ್ತ ಅವರ ವಾದವಿವಾದಗಳನ್ನು ದಶಕಗಳ ಕಾಲ ಗಮನಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಅವರು, ಹೀಗೆ ಗೋಡೆಯಾಗಿಬಿಡುವವರಲ್ಲಿ ಶೇಕಡಾ 85ರಷ್ಟು ಮಂದಿ ಗಂಡಸರೇ ಎಂದು ಕಂಡುಕೊಂಡರು. ಇದನ್ನು ಓದಿದಾಗ ಬೇರೆಯವರ ಬಗ್ಗೆ ಬರೆದದ್ದೆಂದು ಪುಟ ತಿರುವಿದ್ದೆ. ಜಗಳದಲ್ಲಿ ಎದೆಬಡಿತ ನಿಮಿಷಕ್ಕೆ 100ನ್ನು ದಾಟಿದ ಮೇಲೆ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹತ್ತುವುದು ಕಷ್ಟ, ಆದ್ದರಿಂದ ಕನಿಷ್ಠ 20 ನಿಮಿಷ ಸುಮ್ಮನಿದ್ದು ಮತ್ತೆ ಮಾತಿಗೆ ಕೂರಬೇಕು ಎಂಬುದೂ ಅವರದೇ ಸಲಹೆ. ಆ ಹೊತ್ತಿನಲ್ಲಿ "ಅವಳು ಹಾಗಂದಳಲ್ಲ" ಎಂದು ಮೆಲುಕು ಹಾಕುತ್ತಿದ್ದರೆ ಬಡಿತ ಇಳಿಯುವುದಿಲ್ಲವಂತೆ. ನಾನು ಮೂರು ದಿನ ಮೆಲುಕು ಹಾಕಿದೆ. ಎರಡನೆಯ ದಿನವೇ ಪುಟ್ಟಿ, "ನಾನೇನು ಪೋಸ್ಟ್‌ಮ್ಯಾನಾ?" ಎಂದು ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದಳು.

ತಪ್ಪಾಯಿತು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು ಎಂದು ಹೊರಗಿನವರು ಹೇಳುವುದು ಸುಲಭ. ನಮ್ಮ ತಂದೆ ಅಂಥ ಮಾತನ್ನು ಮನೆಯೊಳಗೆ ಆಡಿದ್ದನ್ನು ನಾನು ಕೇಳಿಲ್ಲ. ಅವರು ಒಂದು ಮಾರು ಹೂವು ತಂದು ದೇವರ ಮುಂದೆ ಇಟ್ಟು ಹೋಗುತ್ತಿದ್ದರು. ನನ್ನ ನಾಲಿಗೆಯೂ ಅದೇ ಜಾತಿಯದು. ಮೂರನೆಯ ದಿನ ಸಂಜೆ ನಂಜುಮಳಿಗೆಯ ಹತ್ತಿರ ಇಳಿದು ಎರಡು ಕಿಲೋ ಸೊಗಡವರೆಕಾಯಿ ತಂದೆ. ನಡುಮನೆಯಲ್ಲಿ ಪತ್ರಿಕೆ ಹಾಸಿ, ಕಾಯಿ ಸುರಿದು, ಒಬ್ಬನೇ ಬಿಡಿಸತೊಡಗಿದೆ. ಉಗುರಿನ ಸಂದಿಗೆ ಸೊಗಡು ಅಂಟಿತು. ಸ್ವಲ್ಪ ಹೊತ್ತಿಗೆ ಅವಳು ಒಂದು ಮೊರ ತಂದು ಪಕ್ಕದಲ್ಲಿ ಕುಳಿತಳು. ಎದುರುಬದುರು ಕೂತಿದ್ದರೆ ಮುಖ ಎಲ್ಲಿಡಬೇಕೆಂಬ ಚಿಂತೆಯಿರುತ್ತಿತ್ತು. ಪಕ್ಕಪಕ್ಕದಲ್ಲಿ ಕೂತದ್ದರಿಂದ ಇಬ್ಬರಿಗೂ ಮೊರವನ್ನು ನೋಡಿದರೆ ಸಾಕಾಗಿತ್ತು.

"ಉಪ್ಸಾರಿಗೂ ಒಂದಿಷ್ಟು ಕಾಳು ತೆಗೆದಿಡು" ಎಂದು ನಾನು ಮೊರಕ್ಕೆ ಹೇಳಿದೆ.

ಅವಳು ಸುಮಾರು ಹತ್ತು ಕಾಯಿ ಬಿಡಿಸುವಷ್ಟು ಹೊತ್ತು ಏನೂ ಹೇಳಲಿಲ್ಲ. ಆಮೇಲೆ ನನ್ನ ಕೈಯಲ್ಲಿದ್ದ ಕಾಯಿಯ ಕಡೆಗೆ ತಿರುಗಿ, "ಹುಳ ನೋಡ್ಕೊಂಡು ಬಿಡಿಸ್ರೀ" ಎಂದಳು. ನೋಡಿದರೆ ನಿಜಕ್ಕೂ ಹುಳವಿತ್ತು.